ಮುಂದೆ ಹೊಳಪು, ಬೆನ್ನಿಗೆ ತುಕ್ಕು: ಒಂದು ಕ್ರೋಮ್ ಬಂಪರಿನ ಪ್ರಕರಣ

ಗಾಡಿಯ ಕಂಪನಿ, ಮಾದರಿ, ಊರು, ಮಾಲೀಕರ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಹೇಳಿದರೂ ಹೆಚ್ಚಿನ ಪ್ರಯೋಜನವಿಲ್ಲ. ಉಕ್ಕಿನ ಬಂಪರಿಗೆ ಕ್ರೋಮ್ ಹೊದಿಸಿದ ಯಾವ ಹಳೆಯ ಗಾಡಿಯಲ್ಲಾದರೂ ಇದೇ ಕಥೆ ನಡೆದೀತು. ಮಾಲೀಕರನ್ನು ಯಜಮಾನರು ಎಂದು ಕರೆಯುತ್ತೇನೆ. ಬರೆಯಲು ಅವರು ಒಪ್ಪಿದ್ದು ಒಂದು ಷರತ್ತಿನ ಮೇಲೆ: "ನನ್ನ ದಡ್ಡತನ ಯಾವುದನ್ನೂ ಬಿಡಬೇಡ, ಜೊತೆಗೆ ನಿನ್ನದನ್ನೂ ಸೇರಿಸು." ಸೇರಿಸಿದ್ದೇನೆ.

ಗಾಡಿಯ ಪೂರ್ವಾಪರ

ನಾಲ್ಕು ಬಾಗಿಲಿನ, ಹಲವು ದಶಕ ಹಳೆಯ ಕಾರು. ಹಿಂದೆ ಮುಂದೆ ಎರಡೂ ಕಡೆ ದಪ್ಪ ಉಕ್ಕಿನ ಬಂಪರ್, ಮೇಲೆ ಕ್ರೋಮ್. ವಾರಕ್ಕೊಮ್ಮೆ ಹೊರಗೆ ತೆಗೆದರೆ ಹೆಚ್ಚು. ಉಳಿದ ದಿನಗಳಲ್ಲಿ ಅದು ಮೂರು ಕಡೆ ತೆರೆದ ಶೆಡ್ಡಿನಲ್ಲಿ, ದಪ್ಪ ಪ್ಲಾಸ್ಟಿಕ್ ಹೊದಿಕೆಯೊಳಗೆ ನಿಂತಿರುತ್ತಿತ್ತು. ಸಮುದ್ರ ದೂರವಿಲ್ಲ. ಗಾಳಿಯಲ್ಲಿ ಉಪ್ಪಿದೆ ಎನ್ನುವುದು ಸುತ್ತಲಿನ ಕಿಟಕಿ ಸರಳುಗಳನ್ನು ನೋಡಿದರೇ ತಿಳಿಯುವಂಥ ಜಾಗ.

ಹಿಂಬದಿಯ ಬಂಪರ್ ಕಾರ್ಖಾನೆಯಿಂದ ಬಂದದ್ದೇ. ಮುಂಬದಿಯದಕ್ಕೆ ಮೊದಲಿನ ಮಾಲೀಕರು ಯಾವಾಗಲೋ ಮರುಲೇಪ ಮಾಡಿಸಿದ್ದರು. ಯಾರೂ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಬಂಪರೇ ಹೇಳುತ್ತಿತ್ತು. ಬೋಲ್ಟ್ ತೂತುಗಳ ಅಂಚು ಹಿಂಬದಿಯಲ್ಲಿ ಇನ್ನೂ ಚೂಪಾಗಿದ್ದರೆ ಮುಂಬದಿಯಲ್ಲಿ ಸವೆದ ಸಾಬೂನಿನಂತೆ ದುಂಡಗಾಗಿತ್ತು. ಮರುಲೇಪಕ್ಕೆ ಮುನ್ನ ಉಕ್ಕನ್ನು ಉಜ್ಜುವ ಚಕ್ರಕ್ಕೆ ಒಡ್ಡಿದಾಗ ಅಂಚುಗಳು ಹೀಗೆ ಕರಗುತ್ತವೆ. ಈ ಗುರುತು ನನ್ನ ಕಣ್ಣಿಗೆ ಬಿದ್ದದ್ದು ತಡವಾಗಿ. ಮೊದಲೇ ಬಿದ್ದಿದ್ದರೆ ಅರ್ಧ ಕೆಲಸ ಉಳಿಯುತ್ತಿತ್ತು.

ಕಂದು ಚುಕ್ಕೆಗಳು

ಒಂದು ಮಳೆಗಾಲ ಮುಗಿದು ಹೊದಿಕೆ ಎತ್ತಿದಾಗ ಮುಂಬದಿ ಬಂಪರಿನ ಕೆಳಬಾಗಿನಲ್ಲಿ ಸೂಜಿಮೊನೆಯಷ್ಟು ಕಂದು ಚುಕ್ಕೆಗಳು ಕಂಡವು. ಬೋಲ್ಟ್ ತಲೆಗಳ ಸುತ್ತ ಚಹಾ ಸೋರಿ ಒಣಗಿದಂಥ ಕಲೆ. ಯಜಮಾನರು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಹೋಯಿತು. ಎರಡು ವಾರಕ್ಕೆ ಅದೇ ಜಾಗದಲ್ಲಿ ಮತ್ತೆ ಬಂತು. "ಕ್ರೋಮಿಗೆ ತುಕ್ಕು ಹಿಡಿದಿದೆ" ಎಂದು ಅವರು ತೀರ್ಮಾನಿಸಿದರು. ಮುಂದಿನ ತಪ್ಪುಗಳೆಲ್ಲ ಹುಟ್ಟಿದ್ದು ಈ ಒಂದು ವಾಕ್ಯದಿಂದ. ತುಕ್ಕು ಕ್ರೋಮಿನದೇ ಆದರೆ ಮದ್ದೂ ಕ್ರೋಮಿಗೇ ತಾನೆ?

ಹಾಗಾಗಿ ಭಾನುವಾರದ ಪಾಲಿಶ್ ಶುರುವಾಯಿತು. ತಪ್ಪದೆ, ಪ್ರತಿ ಭಾನುವಾರ. ಲೋಹಕ್ಕೆ ಹಚ್ಚುವ ಪಾಲಿಶ್‌ನಲ್ಲಿ ನುಣ್ಣನೆಯ ಉಜ್ಜುಪುಡಿ ಇರುತ್ತದೆ, ಹೊಳಪು ಬರುವುದೇ ಅದರಿಂದ. ತಿಂಗಳುಗಟ್ಟಲೆ ಅದೇ ಜಾಗವನ್ನು ಉಜ್ಜಿದರೆ ಹೊಳಪಿನ ಜೊತೆ ಇನ್ನೇನು ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ.

ಪಾಲಿಶ್‌ಗೆ ಬಗ್ಗದ ಚುಕ್ಕೆಗಳಿಗೆ ಅಲ್ಯುಮಿನಿಯಂ ಹಾಳೆಯನ್ನು ನೀರಿನಲ್ಲಿ ನೆನೆಸಿ ಉಜ್ಜಿದರು. ಈ ಉಪಾಯ ಕೆಟ್ಟದ್ದಲ್ಲ. ಅಲ್ಯುಮಿನಿಯಂ ಕ್ರೋಮಿಗಿಂತ ಬಹಳ ಮೃದು, ಗೀರು ಬೀಳುವ ಭಯ ಕಡಿಮೆ, ಮೇಲಿನ ತುಕ್ಕು ಸಲೀಸಾಗಿ ಏಳುತ್ತದೆ. ಆದರೆ ಏಳುವುದು ಚುಕ್ಕೆಯ ತಲೆ ಮಾತ್ರ, ಬೇರು ತೂತಿನೊಳಗೇ ಉಳಿಯುತ್ತದೆ. ಅದರ ಮೇಲೆ ನೀರು ಬೇರೆ ಉಣಿಸಿದಂತಾಯಿತು. ಆಮೇಲೆ ಉಕ್ಕಿನ ನಾರಿನ ಸರದಿ. ಅದರ ಪುಡಿ ಬಂಪರಿನ ಸಂದುಗಳಲ್ಲಿ ಕೂತು, ಮರುದಿನ ಬೆಳಿಗ್ಗೆ ಹೊತ್ತಿಗೆ ತಾನೇ ತುಕ್ಕು ಹಿಡಿದು, ಇಡೀ ಬಂಪರಿಗೆ ಕಿತ್ತಳೆ ಬಣ್ಣದ ತೆಳು ಪೊರೆ ಎಳೆದಿತ್ತು. ಯಜಮಾನರು ಗಾಬರಿಯಾದದ್ದು ಆಗಲೇ.

ಗಾಬರಿಯಲ್ಲಿದ್ದವರಿಗೆ ಸಲಹೆಗಳಿಗೆ ಬರವಿಲ್ಲ. ಯಾರೋ ಶೌಚಾಲಯ ತೊಳೆಯುವ ಆಮ್ಲ ಹಚ್ಚಿ ನೋಡಿ ಎಂದರು. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ. ಮರುಲೇಪದ ಅಂಗಡಿಗಳಲ್ಲಿ ಹಳೆಯ ಕ್ರೋಮ್ ಕಳಚುವುದಕ್ಕೆ ಬಳಸುವುದು ಇದನ್ನೇ. ಯಜಮಾನರು ಬಲತುದಿಯಲ್ಲಿ ಒಂದು ಗೇಣು ಜಾಗಕ್ಕೆ ಹಚ್ಚಿದರು. ತುಕ್ಕು ನೊರೆಯಾಗಿ ಮಾಯವಾಯಿತು, ಹಿಂದೆಯೇ ನೀಲಿ ಛಾಯೆಯ ಹೊಳಪೂ ಮಾಯವಾಯಿತು. ಉಳಿದದ್ದು ಹಳದಿ ಮಿಶ್ರಿತ, ಮಂಕು ಬೆಳ್ಳಿಯಂಥ ಮೈ. ಅದು ಕ್ರೋಮಿನ ಅಡಿಯ ಪದರವಾದ ನಿಕ್ಕಲ್. ಅಲ್ಲಿ ಕ್ರೋಮ್ ಇನ್ನಿರಲಿಲ್ಲ. ಆಮ್ಲದ ಹಬೆ ತಾಗಿದ ಪಕ್ಕದ ಬೋಲ್ಟ್‌ಗಳು ಎರಡೇ ದಿನದಲ್ಲಿ ಕೆಂಪಾದವು.

ಕೊನೆಗೆ ಪಾರದರ್ಶಕ ಲ್ಯಾಕರ್ ಹೊಡೆಸಿದರು. ಗಾಜಿನಂಥ ಕ್ರೋಮಿನ ಮೇಲೆ ಬಣ್ಣಕ್ಕೆ ಹಿಡಿತವೇ ಸಿಗುವುದಿಲ್ಲ. ಕೆಲವೇ ತಿಂಗಳಲ್ಲಿ ಕಲ್ಲು ಚಿಮ್ಮಿದಲ್ಲೆಲ್ಲ ಲ್ಯಾಕರ್ ಎದ್ದಿತು, ಎದ್ದ ಸಂದಿನಲ್ಲಿ ನೀರು ನುಗ್ಗಿತು, ಒಳಗೆ ಹೋದ ನೀರಿಗೆ ಹೊರಗೆ ಬರುವ ದಾರಿಯಿಲ್ಲ. ನನ್ನನ್ನು ಕರೆದಾಗ ಬಂಪರ್ ಈ ಸ್ಥಿತಿಯಲ್ಲಿತ್ತು: ಹರಿದ ಲ್ಯಾಕರ್, ಹಳದಿಯಾದ ಬಲತುದಿ, ಮೊದಲಿಗಿಂತ ಮೂರು ಪಟ್ಟು ಚುಕ್ಕೆ.

ಬಂಪರ್ ಬಿಚ್ಚಿದ ದಿನ

ನಾನು ಹೇಳಿದ ಮೊದಲ ಮಾತು ಬಂಪರ್ ಬಿಚ್ಚೋಣ ಎಂದು. ಯಜಮಾನರಿಗೆ ಇಷ್ಟವಿರಲಿಲ್ಲ. ಬೋಲ್ಟ್ ಮುರಿದರೆ? ಬ್ರಾಕೆಟ್ ಸೊಟ್ಟಗಾದರೆ? ಅವರ ಭಯ ಸುಳ್ಳೇನಲ್ಲ. ಮೂರು ದಿನ ತುಕ್ಕುಬಿಡಿಸುವ ಎಣ್ಣೆ ಬಿಟ್ಟು ಕಾದರೂ ಎರಡು ಬೋಲ್ಟ್ ಕತ್ತರಿಸಿಯೇ ಹೋದವು. ಆದರೆ ಬಿಚ್ಚದೆ ಇದ್ದಿದ್ದರೆ ಈ ಪ್ರಕರಣ ಇನ್ನೊಂದು ಪಾಲಿಶ್ ಡಬ್ಬಿಯೊಂದಿಗೆ ಮುಗಿಯುತ್ತಿತ್ತು.

ಮೇಲೆ ಥಳುಕು, ಒಳಗೆ ಹುಳುಕು ಎನ್ನುತ್ತಾರಲ್ಲ, ಆ ಮಾತಿಗೆ ಚಿತ್ರ ಬರೆದಂತಿತ್ತು ಬಂಪರಿನ ಬೆನ್ನು. ಕೆಳಗಿನ ಮಡಿಕೆಯಲ್ಲಿ ಬೆರಳುದಪ್ಪ ಕೆಸರು ಗಟ್ಟಿಯಾಗಿ ಕೂತಿತ್ತು, ಮಳೆ ನಿಂತು ಎಷ್ಟೋ ದಿನವಾಗಿದ್ದರೂ ಒಳಗೆ ಇನ್ನೂ ತೇವ. ನೀರು ಇಳಿಯುವ ತೂತುಗಳೆಲ್ಲ ಮುಚ್ಚಿದ್ದವು. ಕೆಸರು ಕೆರೆದರೆ ಅಡಿಯಲ್ಲಿ ಪದರ ಪದರವಾಗಿ ಏಳುವ ತುಕ್ಕು. ಮುಂಭಾಗದಲ್ಲಿ ಚುಕ್ಕೆ ದಟ್ಟವಾಗಿದ್ದ ಜಾಗ, ಬೆನ್ನಿನಲ್ಲಿ ಕೆಸರು ಕೂತಿದ್ದ ಜಾಗ, ಎರಡೂ ಹೆಚ್ಚುಕಡಿಮೆ ಒಂದೇ.

ಇಷ್ಟರಲ್ಲಿ ಯಜಮಾನರು ಎಡ ಬ್ರಾಕೆಟ್ಟಿನ ಪಕ್ಕ ಬೆರಳಿಟ್ಟು, "ಇಲ್ಲೇಕೆ ಏನೂ ಆಗಿಲ್ಲ?" ಎಂದರು. ಅಂಗೈಯಗಲ ಜಾಗದಲ್ಲಿ ಉಕ್ಕು ಬೂದು ಬಣ್ಣಕ್ಕೆ ಹಾಗೇ ಇತ್ತು, ಅದರ ಗಡಿಯಿಂದಾಚೆ ತುಕ್ಕು ಗೆರೆ ಕೊರೆದಂತೆ ಶುರುವಾಗಿತ್ತು. ಮೂಸಿ ನೋಡಿದರೆ ಗ್ರೀಸು. ಯಾವ ಕಾಲದಲ್ಲೋ ಯಾವನೋ ಮೆಕ್ಯಾನಿಕ್ ಬೋಲ್ಟ್ ಹಾಕುವಾಗ ಕೈಯೊರೆಸಿಕೊಂಡಿದ್ದಿರಬೇಕು. ಎರಡು ವರ್ಷದ ಪಾಲಿಶ್ ಮಾಡಲಾಗದ್ದನ್ನು ಆ ಕೊಳಕು ಕೈ ಮಾಡಿತ್ತು! ನಾವು ಹಿಡಿಯಬೇಕಾದ ದಾರಿ ಗೊತ್ತಾದದ್ದು ಆ ಅಂಗೈಯಗಲ ಜಾಗದಿಂದ.

ಯಾವುದಕ್ಕೆ ಯಾವುದು ಬೇಲಿ?

ಕ್ರೋಮಿಗೆ ತುಕ್ಕು ಹಿಡಿಯುವುದಿಲ್ಲ. ಗಾಳಿ ತಾಗಿದ ಕೂಡಲೇ ಅದು ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಹೊದ್ದು ಸುಮ್ಮನಾಗುತ್ತದೆ. ಕೆಂಪಾಗುವುದು ಒಳಗಿನ ಉಕ್ಕು. ಬಂಪರಿನ ಮೇಲಿನ ಅಲಂಕಾರದ ಕ್ರೋಮ್ ಸಾಮಾನ್ಯವಾಗಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ತೆಳು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ತಲೆಗೂದಲೊಂದರ ದಪ್ಪಕ್ಕೆ ಅಂಥ ನೂರಕ್ಕೂ ಹೆಚ್ಚು ಪದರ ಬೇಕು. ನೀರನ್ನು ನಿಜವಾಗಿ ತಡೆಯುವುದು ಅದರ ಕೆಳಗಿನ ನಿಕ್ಕಲ್. ಅದು ಹತ್ತಾರು ಮೈಕ್ರಾನ್ ದಪ್ಪ, ಅದರಡಿ ಕೆಲವೊಮ್ಮೆ ತಾಮ್ರವೂ ಇರುತ್ತದೆ. ಕ್ರೋಮಿನ ಕೆಲಸ ಬಣ್ಣ, ಗಡಸುತನ, ನಿಕ್ಕಲ್ ಮಂಕಾಗದಂತೆ ಕಾಯುವುದು. ಆ ಕ್ರೋಮಿನಲ್ಲಿ ಹುಟ್ಟಿನಿಂದಲೇ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಬಿರುಕು ಕೆಲವೇ ಇದ್ದರೆ ಸವೆತವೆಲ್ಲ ಅಲ್ಲಿಗೇ ನುಗ್ಗಿ ಆಳಕ್ಕೆ ಕೊರೆಯುತ್ತದೆ ಎಂದು ಬೇಕೆಂದೇ ಸಾವಿರಾರು ಸೂಕ್ಷ್ಮ ಬಿರುಕು ಬರುವಂತೆ ಲೇಪಿಸುವ ವಿಧಾನವೂ ಇದೆ. ಇಂಥ ಲೇಪಗಳಿಗಿರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 1456ರ ಪ್ರಕಾರ ಅಂಥ ಲೇಪದಲ್ಲಿ ಯಾವ ದಿಕ್ಕಿನಲ್ಲಿ ಎಣಿಸಿದರೂ ಸೆಂಟಿಮೀಟರಿಗೆ 250ಕ್ಕಿಂತ ಹೆಚ್ಚು ಬಿರುಕಿರಬೇಕು.

ತಗಡಿಗೆ ಸತು ಹಚ್ಚಿದರೆ ಗೀರು ಬಿದ್ದಲ್ಲೂ ಸತು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ನಿಕ್ಕಲ್ಲಿಗೆ ಆ ದೊಡ್ಡ ಮನಸ್ಸಿಲ್ಲ. ಲೇಪದಲ್ಲೊಂದು ಸೂಜಿತೂತಾಗಿ ಉಪ್ಪುನೀರು ಒಳಗಿಳಿದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಆಗುತ್ತದೆ: ತಳದ ಚೂರು ಉಕ್ಕು ಆನೋಡ್, ಅಂದರೆ ಸವೆಯುವ ತುದಿ, ಸುತ್ತಲಿನ ವಿಶಾಲ ನಿಕ್ಕಲ್ ಮತ್ತು ಕ್ರೋಮ್ ಕ್ಯಾಥೋಡ್, ಅಂದರೆ ಸವೆಯದೆ ಉಳಿಯುವ ತುದಿ. ಅಷ್ಟು ದೊಡ್ಡ ಕ್ಯಾಥೋಡಿನ ಹಸಿವೆಲ್ಲ ಆ ಪುಟ್ಟ ಆನೋಡಿನ ಮೇಲೆ. ಲೇಪವೇ ಇಲ್ಲದ ಉಕ್ಕಿಗಿಂತ ಆ ಒಂದು ಬಿಂದುವಿನಲ್ಲಿ ಸವೆತ ಜೋರು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಹುಟ್ಟಿದ ತುಕ್ಕು ಸವೆದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಲೇಪವನ್ನು ಕೆಳಗಿನಿಂದ ಮೇಲಕ್ಕೆ ನೂಕುತ್ತದೆ, ಗುಳ್ಳೆ ಏಳುತ್ತದೆ.

ಬೆನ್ನಿನ ಕಥೆ ಇನ್ನೂ ಸರಳ. ವಿದ್ಯುತ್ ಲೇಪನದಲ್ಲಿ ಲೋಹ ಸಮನಾಗಿ ಕೂರುವುದಿಲ್ಲ. ಎದುರಿಗಿರುವ ಉಬ್ಬುಗಳಿಗೆ ಧಾರಾಳ, ಒಳಮಡಿಕೆಗಳಿಗೆ ಜಿಪುಣತನ. ಕ್ರೋಮ್ ದ್ರಾವಣ ಈ ವಿಷಯದಲ್ಲಿ ಎಲ್ಲಕ್ಕಿಂತ ಜಿಪುಣ. ನಮ್ಮ ಬಂಪರಿನ ಬೆನ್ನಿಗೆ ಮರುಲೇಪದಲ್ಲಿ ಸಿಕ್ಕಿದ್ದು ಅಲ್ಲಲ್ಲಿ ಒಂದಿಷ್ಟು ನಿಕ್ಕಲ್, ಅಷ್ಟೇ. ಅಲ್ಲಿಂದ ಶುರುವಾದ ತುಕ್ಕು ಅಂಚು ಹತ್ತಿ ಮುಂದಕ್ಕೆ ಇಣುಕುತ್ತಿತ್ತು.

ಮರುಲೇಪವೋ, ಉಳಿಸಿಕೊಳ್ಳುವುದೋ

ಯಜಮಾನರ ಮನಸ್ಸು ಮತ್ತೊಮ್ಮೆ ಲೇಪಕ್ಕೆ ಕೊಡುವ ಕಡೆಗಿತ್ತು. ನನಗೆ ಧೈರ್ಯ ಬರಲಿಲ್ಲ. ಆ ದುಂಡಗಾದ ಅಂಚುಗಳು ನನ್ನ ಕಣ್ಣಿಗೆ ಬಿದ್ದದ್ದು ಆಗ. ಒಮ್ಮೆ ಉಜ್ಜಿ ತೆಳುವಾಗಿರುವ, ಬೆನ್ನಿನಿಂದಲೂ ಸವೆದಿರುವ ಉಕ್ಕನ್ನು ಮತ್ತೆ ಚಕ್ರಕ್ಕೆ ಒಡ್ಡಿದರೆ ಮಡಿಕೆಯಲ್ಲಿ ತೂತು ಬೀಳುವುದು ಖಂಡಿತ ಅನ್ನಿಸಿತು. ಆದರೂ ಬರೀ ಅನ್ನಿಸಿಕೆಯ ಮೇಲೆ ಇನ್ನೊಬ್ಬರ ವಸ್ತುವಿನ ಬಗ್ಗೆ ತೀರ್ಮಾನ ಕೊಡಲಾಗದು.

ಲ್ಯಾಕರ್ ಪೂರ್ತಿ ತೆಗೆದು ಫೆರಾಕ್ಸಿಲ್ ಪರೀಕ್ಷೆ ಮಾಡಿದೆವು. ಪೊಟ್ಯಾಸಿಯಂ ಫೆರಿಸೈನೈಡ್ ಮತ್ತು ಉಪ್ಪಿನ ದ್ರಾವಣದಲ್ಲಿ ನೆನೆಸಿದ ಸೋಸುಕಾಗದವನ್ನು ಲೇಪದ ಮೇಲೆ ಹಾಸಿದರೆ ಎಲ್ಲೆಲ್ಲಿ ತೂತು ಉಕ್ಕಿನವರೆಗೆ ಇಳಿದಿದೆಯೋ ಅಲ್ಲೆಲ್ಲ ಕಡುನೀಲಿ ಚುಕ್ಕೆ ಮೂಡುತ್ತದೆ. ಈ ಫೆರಿಸೈನೈಡನ್ನು ಆಮ್ಲದ ಹತ್ತಿರಕ್ಕೂ ತರಬಾರದು, ಬಲವಾದ ಆಮ್ಲ ಸೇರಿದರೆ ವಿಷಾನಿಲ ಏಳಬಹುದು. ಬಲತುದಿಗೆ ಆಮ್ಲ ಹಚ್ಚಿದ್ದ ಕಾರಣ ಅದನ್ನು ಹಲವು ಸಲ ತೊಳೆದ ಮೇಲೆಯೇ ಕೈಹಾಕಿದೆವು. ಪರೀಕ್ಷೆ ಮುಗಿದ ಮೇಲೂ ಚೆನ್ನಾಗಿ ತೊಳೆಯಲೇಬೇಕು, ಹಾಸಿದ್ದು ಉಪ್ಪುನೀರನ್ನೇ ತಾನೆ.

ಕಾಗದ ಎತ್ತಿದಾಗ ಬಂಪರಿನ ನಕ್ಷೆಯೇ ಸಿಕ್ಕಿತ್ತು. ಮೇಲಿನ ಮುಕ್ಕಾಲು ಭಾಗ ಬಹುತೇಕ ಬಿಳಿ. ಕೆಳಬಾಗು, ಅಂಚು, ಬೋಲ್ಟ್ ತೂತುಗಳ ಸುತ್ತ ನೀಲಿ. ಬಲತುದಿಯಲ್ಲಿ ನೀಲಿ ತುಂಬ ದಟ್ಟ. ಯಜಮಾನರು ಎಲ್ಲಕ್ಕಿಂತ ಹೆಚ್ಚು ಉಜ್ಜಿದ್ದ ಜಾಗಗಳೂ ಅವೇ. ಅವರು ಅದನ್ನು ನೋಡುತ್ತ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮುಕ್ಕಾಲು ಭಾಗ ಗಟ್ಟಿಯಿದ್ದದ್ದರಿಂದ ಉಳಿಸಿಕೊಳ್ಳುವುದು ಎಂದಾಯಿತು.

ಮಾಡಿದ ಕೆಲಸ, ನನ್ನ ತಪ್ಪು

ಕೆಲಸದ ಮುಕ್ಕಾಲು ಪಾಲು ಬೆನ್ನಿಗೇ ಹೋಯಿತು. ಏಳುವ ತುಕ್ಕನ್ನೆಲ್ಲ ಕೆರೆದು, ತಂತಿ ಕುಂಚದಲ್ಲಿ ಉಜ್ಜಿ, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದೆವು. ತೊಳೆಯುವುದನ್ನು ಹೆಚ್ಚಿನವರು ಒಂದೇ ಸಲಕ್ಕೆ ಮುಗಿಸುತ್ತಾರೆ. ಕುಳಿಗಳ ತಳದಲ್ಲಿ ಕ್ಲೋರೈಡ್, ಅಂದರೆ ಉಪ್ಪಿನ ಅಂಶ, ಉಳಿದರೆ ಮೇಲೆ ಎಂಥ ಬಣ್ಣ ಬಳಿದರೂ ಒಳಗೆ ಸವೆತ ನಿಲ್ಲುವುದಿಲ್ಲ, ಏಕೆಂದರೆ ಉಪ್ಪು ಗಾಳಿಯ ತೇವವನ್ನೇ ಎಳೆದುಕೊಂಡು ಕೆಲಸ ಮುಂದುವರಿಸುತ್ತದೆ. ಬಿಸಿಗಾಳಿಯಲ್ಲಿ ಒಣಗಿಸಿ, ಕುಳಿಗಳಿಗೆ ಫಾಸ್ಫಾರಿಕ್ ಆಮ್ಲದ ತುಕ್ಕು ಪರಿವರ್ತಕ, ಅಂದರೆ ಉಳಿದ ತುಕ್ಕನ್ನು ಫಾಸ್ಫೇಟ್ ಪದರವಾಗಿ ಮಾರ್ಪಡಿಸುವ ದ್ರವ, ಹಚ್ಚಿದೆವು. ಅದು ಒಂದು ಹನಿಯೂ ಮುಂಭಾಗಕ್ಕೆ ಹರಿಯದಂತೆ ಅಂಚಿಗೆ ಟೇಪು ಸುತ್ತಿದ್ದೆವು.

ಇಲ್ಲಿ ನಾನು ಎಡವಿದೆ. ಸತು ತಾನು ಸವೆದು ಉಕ್ಕನ್ನು ಕಾಯುತ್ತದೆ ಎಂದು ಅಷ್ಟೊತ್ತು ಪಾಠ ಹೇಳಿದವನು, ಪರಿವರ್ತಕದ ಮೇಲೆಯೇ ಸತು ತುಂಬಿದ ಪ್ರೈಮರ್ ಬಳಿಸಿದೆ. ಸತು ಕಾಯಬೇಕಾದರೆ ಅದಕ್ಕೆ ಬರಿ ಉಕ್ಕಿನ ನೇರ ಸಂಪರ್ಕ ಬೇಕು. ಪರಿವರ್ತಕ ಅವೆರಡರ ನಡುವೆ ಫಾಸ್ಫೇಟಿನ ಗೋಡೆ ಕಟ್ಟಿತ್ತು. ಎರಡು ವಾರಕ್ಕೆ ಉಗುರಿನಿಂದ ಕೆರೆದರೆ ಪ್ರೈಮರ್ ಹಪ್ಪಳದಂತೆ ಎದ್ದು ಬಂತು. ಎಲ್ಲ ತೆಗೆದು ಎಪಾಕ್ಸಿ ಪ್ರೈಮರ್ ಎರಡು ಕೈ, ಅದರ ಮೇಲೊಂದು ಬಣ್ಣ, ಅದು ಪೂರ್ತಿ ಗಟ್ಟಿಯಾದ ಮೇಲೆ ಉಣ್ಣೆಕೊಬ್ಬಿನ ಲ್ಯಾನೋಲಿನ್ ಲೇಪ. ಆ ಲೇಪ ಎಂದೂ ಒಣಗಿ ಬಿರಿಯುವುದಿಲ್ಲ, ಗೀರು ಬಿದ್ದರೆ ನಿಧಾನವಾಗಿ ಹರಿದು ಮುಚ್ಚಿಕೊಳ್ಳುತ್ತದೆ. ಅಂಗೈಯಗಲ ಗ್ರೀಸು ಮಾಡಿದ್ದನ್ನೇ ಇಡೀ ಬೆನ್ನಿಗೆ ಮಾಡಿದೆವು, ಅಷ್ಟೇ.

ಮುಂಭಾಗಕ್ಕೆ ಉಜ್ಜುಪುಡಿಯಿರುವ ಯಾವುದೂ ಇಲ್ಲ ಎಂದು ನಿಯಮ ಮಾಡಿಕೊಂಡೆವು. ಚುಕ್ಕೆಗಳ ಮೇಲೆ ತೆಳು ಎಣ್ಣೆಯಲ್ಲಿ ನೆನೆಸಿದ ಬಟ್ಟೆಯನ್ನು ಒಂದಿಡೀ ದಿನ ಹಾಸಿ, ಅನಂತರ ಅಲ್ಯುಮಿನಿಯಂ ಹಾಳೆಯಲ್ಲಿ ಹಗುರವಾಗಿ ಉಜ್ಜಿದೆವು. ಈ ಸಲ ನೀರಿಲ್ಲದೆ, ಎಣ್ಣೆಯಲ್ಲೇ. ಸಾಬೂನು ನೀರಿನಲ್ಲಿ ತೊಳೆದು, ಆಲ್ಕೋಹಾಲಿನಲ್ಲಿ ಒರೆಸಿ, ಕೂದಲು ಒಣಗಿಸುವ ಯಂತ್ರದಿಂದ ಲೋಹವನ್ನು ಬೆಚ್ಚಗೆ ಮಾಡಿ ಮೇಣ ಹಚ್ಚಿದೆವು. ಬೆಚ್ಚಗಿನ ಲೋಹದ ಮೇಲೆ ಮೇಣ ಕರಗಿ ಸೂಜಿತೂತುಗಳೊಳಗೆ ಇಳಿಯುತ್ತದೆ. ತಣ್ಣಗಿದ್ದರೆ ಮೇಲೆಯೇ ಕೂರುತ್ತದೆ.

ಜೋಡಿಸುವಾಗ ಬೋಲ್ಟ್‌ಗಳಿಗೆ ನೈಲಾನ್ ವಾಷರ್, ಮಡಿಕೆಯ ತೂತುಗಳನ್ನು ತೆರೆದಿಟ್ಟದ್ದು, ನೀರು ಹಿಡಿದಿಡುತ್ತಿದ್ದ ಸ್ಪಂಜಿನ ಪಟ್ಟಿಯನ್ನು ಕಿತ್ತದ್ದು, ಇಷ್ಟೇ ಹೆಚ್ಚುವರಿ. ಪ್ಲಾಸ್ಟಿಕ್ ಹೊದಿಕೆಯ ಬಗ್ಗೆ ಮಾತ್ರ ಜಗಳವೇ ಆಯಿತು. ಮಳೆಯಿಂದ ಕಾಪಾಡುತ್ತದೆ ಎಂಬುದು ಯಜಮಾನರ ವಾದ. ನೆಲದಿಂದ ಏಳುವ ತೇವವನ್ನು ಅದು ಒಳಗೇ ಕೂಡಿಹಾಕುತ್ತದೆ ಎಂಬುದು ನನ್ನದು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 60 ಶೇಕಡ ದಾಟಿದರೆ ಉಕ್ಕಿನ ಸವೆತ ಚುರುಕಾಗುತ್ತದೆ, ಉಪ್ಪಿದ್ದರೆ ಅದಕ್ಕೂ ಮೊದಲೇ. ಕೊನೆಗೆ ಗಾಳಿಯಾಡುವ ಬಟ್ಟೆಯ ಹೊದಿಕೆ ಬಂತು, ಒದ್ದೆ ಗಾಡಿಗೆ ಅದನ್ನೂ ಹೊದಿಸಬಾರದು ಎಂಬ ಒಪ್ಪಂದದೊಂದಿಗೆ.

ಆಮೇಲೆ ಏನಾಯಿತು

ಕಣ್ಣಂದಾಜನ್ನು ನಂಬುವುದು ಬೇಡವೆಂದು ಒಂದು ಉಪಾಯ ಮಾಡಿದೆವು. ಬಂಪರಿನ ಆಕಾರಕ್ಕೆ ಕತ್ತರಿಸಿದ ಪಾರದರ್ಶಕ ಹಾಳೆಯನ್ನು ತಿಂಗಳಿಗೊಮ್ಮೆ ಅದರ ಮೇಲಿಟ್ಟು, ಕಂಡ ಚುಕ್ಕೆಗಳನ್ನೆಲ್ಲ ಪೆನ್ನಿನಲ್ಲಿ ಗುರುತಿಸುವುದು. ಪ್ರತಿ ತಿಂಗಳಿಗೆ ಒಂದು ಬಣ್ಣ. ಹಳೆಯದು ಯಾವುದು ಹೊಸದು ಯಾವುದು ಎಂಬ ವಾದಕ್ಕೆ ಎಡೆಯೇ ಇಲ್ಲ.

ಮಳೆಗಾಲದವರೆಗೆ ಹೊಸ ಚುಕ್ಕೆ ಬರಲಿಲ್ಲ. ಮಳೆ ಶುರುವಾದ ಮೇಲೆ ಕೆಲವು ಬಂದವು, ಆದರೆ ಎಲ್ಲೆಂದರಲ್ಲಲ್ಲ. ಒಂದು ಗುಂಪು ಬಲತುದಿಯಲ್ಲಿ, ಇನ್ನೊಂದು ನಂಬರ್ ಪ್ಲೇಟಿನ ಎರಡು ಮೂಲೆಗಳಡಿ. ಮೊದಲನೆಯದು ನಿರೀಕ್ಷಿಸಿದ್ದೇ. ಎರಡನೆಯದನ್ನು ನಾವಿಬ್ಬರೂ ಊಹಿಸಿರಲಿಲ್ಲ. ಗಾಡಿ ಅದುರುವಾಗ ಪ್ಲೇಟಿನ ಮೂಲೆ ಕ್ರೋಮನ್ನು ಸವೆಸುತ್ತಿತ್ತು, ಸಂದಿನಲ್ಲಿ ನೀರೂ ನಿಲ್ಲುತ್ತಿತ್ತು. ರಬ್ಬರ್ ಗುಂಡಿಗಳನ್ನಿಟ್ಟು ಪ್ಲೇಟನ್ನು ಒಂದಿಷ್ಟು ಮುಂದಕ್ಕೆ ತಂದ ಮೇಲೆ ಆ ಗುಂಪು ಬೆಳೆಯಲಿಲ್ಲ. ಕೆಳಬಾಗಿನಲ್ಲಿ, ಅಂದರೆ ಮೊದಲು ಅತಿ ಕೆಟ್ಟಿದ್ದ ಜಾಗದಲ್ಲಿ, ಆ ಮಳೆಗಾಲವಿಡೀ ಹೊಸ ಚುಕ್ಕೆ ಕಾಣಲಿಲ್ಲ.

ಈಗ ಯಜಮಾನರ ಭಾನುವಾರದ ಕೆಲಸ ಬದಲಾಗಿದೆ. ಗಾಡಿ ಹೊರಗೆ ಹೋಗಿ ಬಂದ ದಿನ ಪೈಪು ಹಿಡಿದು ಬಂಪರಿನ ಬೆನ್ನಿಗೆ ನೀರು ಬಿಡುತ್ತಾರೆ, ಕೆಳಗಿನ ತೂತುಗಳಿಂದ ಸ್ವಚ್ಛ ನೀರು ಇಳಿಯುವವರೆಗೆ. ಮುಂಭಾಗವನ್ನು ಬಟ್ಟೆಯಲ್ಲಿ ಒರೆಸುತ್ತಾರೆ, ಉಜ್ಜುವುದಿಲ್ಲ. ಮೂರು ತಿಂಗಳಿಗೊಮ್ಮೆ ಮೇಣ, ವರ್ಷಕ್ಕೊಮ್ಮೆ ಲ್ಯಾನೋಲಿನ್. ಹಿಂಬದಿ ಬಂಪರಿಗೆ ಬಿಚ್ಚದೆಯೇ ಬೆನ್ನು ತೊಳೆದು ಲ್ಯಾನೋಲಿನ್ ಸಿಂಪಡಿಸಿದ್ದಷ್ಟೇ, ಕಾರ್ಖಾನೆಯ ಲೇಪ ಇನ್ನೂ ಅಲುಗಿಲ್ಲ.

ಬಲತುದಿ ಮಾತ್ರ ಬಾಕಿ. ಅಲ್ಲಿ ಕ್ರೋಮಿಲ್ಲದ ಕಾರಣ ನಿಕ್ಕಲ್ ಮಂಕಾಗುತ್ತಲೇ ಇದೆ, ತಿಂಗಳಿಗೊಮ್ಮೆ ಮೇಣ ಹಚ್ಚಿದರೂ ಹಾಳೆಯ ಮೇಲೆ ಪ್ರತಿ ಸಲ ಒಂದೆರಡು ಹೊಸ ಬಣ್ಣದ ಚುಕ್ಕೆ. ಆ ಗೇಣುದ್ದಕ್ಕೆ ಮಾತ್ರ ಕ್ರೋಮ್ ಹೊದಿಸಿ ಉಳಿದದ್ದಕ್ಕೆ ಹೊಂದಿಸುವುದು ಆಗದ ಮಾತು, ಕೊಟ್ಟರೆ ಇಡೀ ಬಂಪರನ್ನೇ ಕೊಡಬೇಕು. ಇನ್ನೊಂದು ಮಳೆಗಾಲದ ಹಾಳೆ ನೋಡಿ ಹೇಳೋಣ ಎಂದಿದ್ದಾರೆ ಯಜಮಾನರು. ಅಲ್ಲಿಯವರೆಗೆ ಗಾಡಿಯ ಫೋಟೋ ತೆಗೆಯುವವರನ್ನು ಅವರು ಎಡಗಡೆಗೇ ನಿಲ್ಲಿಸುತ್ತಾರೆ.